ಟರ್ನ್‌ಟೇಬಲ್ ಫೋಟೋ ಹಾಕುವವರಿಗೆ

ಗೆಳೆಯರೇ, ನಮಸ್ಕಾರ. ನೀವೇ ಕೈಯಾರೆ ಮಾಡಿದ, ತಿದ್ದಿ ಸರಿಮಾಡಿದ ಟರ್ನ್‌ಟೇಬಲ್‌ಗಳ, ಅಂದರೆ ರೆಕಾರ್ಡ್ ತಿರುಗಿಸಿ ಹಾಡು ಕೇಳಿಸುವ ಯಂತ್ರಗಳ, ಫೋಟೋ ಈ ವಾರ ಹಾಕಿ. ಸುಮ್ನೆ ಫೋಟೋ ಒಂದೇ ಸಾಲದು. ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಂತ ನಾಲ್ಕು ಸಾಲು ಬರೆಯಿರಿ.

ಗ್ಯಾರಾರ್ಡ್ 301 ಇರುವವರಂತೂ ಬರೆಯಲೇಬೇಕು. 1950ರ ದಶಕದಲ್ಲಿ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಶುರುವಾದ ಈ ಯಂತ್ರ ಪೀಠವಾಗಲಿ ಟೋನ್‌ಆರ್ಮ್ (ಸೂಜಿ ಹಿಡಿದಿರುವ ತೋಳು) ಆಗಲಿ ಇಲ್ಲದೆ, ಮೋಟಾರು ಮತ್ತು ರೆಕಾರ್ಡ್ ಇಡುವ ತಟ್ಟೆ ಮಾತ್ರವಾಗಿ ಸಿಗುತ್ತಿತ್ತು. ಮಿಕ್ಕಿದ್ದನ್ನು ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. ಅದಕ್ಕೇ ಒಬ್ಬರ 301 ಇದ್ದ ಹಾಗೆ ಇನ್ನೊಬ್ಬರದು ಇರುವುದಿಲ್ಲ, ಅಲ್ವಾ? ಇದರಲ್ಲಿ ರಬ್ಬರ್ ಅಂಚಿನ ಚಕ್ರವೊಂದು ತಟ್ಟೆಯ ಒಳಅಂಚಿಗೆ ಒತ್ತಿಕೊಂಡು ಅದನ್ನು ತಿರುಗಿಸುತ್ತದೆ. ಎಳೆತ ಬಲು ಜೋರು. ಆದರೆ ಮೋಟಾರಿನ ನಡುಕ ಸೂಜಿಯವರೆಗೂ ಬಂದು ಗುರ್ ಅನ್ನಬಹುದು. ಪ್ಲೈವುಡ್ ಪದರಗಳನ್ನು ಅಂಟಿಸಿ ಭಾರದ ಪೀಠ ಮಾಡುವುದು ಅದನ್ನು ತಗ್ಗಿಸಲು, ಬರೀ ಚೆಂದಕ್ಕಲ್ಲ. ಅದನ್ನು ಎತ್ತಲು ಇಬ್ಬರು ಬೇಕಾದರೂ ಹೆಮ್ಮೆಯಿಂದ ಹೇಳಿ!

ಹೊರದೇಶದಿಂದ ತರಿಸಿದವರು ಮೋಟಾರಿನ ಪುಲ್ಲಿ 60 ಹರ್ಟ್ಸ್‌ನದಾ ಅಂತ ನೋಡಿಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್. ಆ ಪುಲ್ಲಿ ಇಟ್ಟರೆ ತಟ್ಟೆ ನಿಧಾನವಾಗಿ, ಹಾಡಿನ ಶ್ರುತಿ ಇಳಿಯುತ್ತದೆ. ವೇಗ ನೋಡಲು ತಟ್ಟೆಯ ಮೇಲೆ ಇಡುವ, ಸುತ್ತಲೂ 180 ಗೆರೆಗಳಿರುವ ಸ್ಟ್ರೋಬ್ ಬಿಲ್ಲೆ ಸಾಕು. ನಿಮಿಷಕ್ಕೆ 33⅓ ಸುತ್ತು ಸರಿಯಾಗಿದ್ದರೆ ಹಳೇ ಬಲ್ಬಿನ ಬೆಳಕಲ್ಲಿ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಎಲ್‌ಇಡಿ ಬೆಳಕಲ್ಲಿ ಕಾಣದೇ ಹೋಗಬಹುದು.

ಕೆಲಸ ಅರ್ಧಕ್ಕೆ ನಿಂತಿದ್ದರೂ ಹಾಕಿ, ಸಂಕೋಚ ಬೇಡ. ಮಾರಾಟದ ಮಾತು ಮಾತ್ರ ಇಲ್ಲಿ ಬೇಡ. ಭಾನುವಾರ ರಾತ್ರಿಯವರೆಗೆ ಸಮಯ ಇದೆ.