'ಬೇರೆ ಕಾಯಿಲೆ ಇತ್ತು' ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ವೈರಸ್ ಜ್ವರ ಹರಡಿದಾಗಲೆಲ್ಲ ಸಾವಿನ ಸುದ್ದಿಯ ಕೊನೆಗೆ ಒಂದು ಸಾಲು ತಪ್ಪದೆ ಬರುತ್ತದೆ: 'ಮೃತರಿಗೆ ಮೊದಲೇ ಬೇರೆ ಕಾಯಿಲೆಗಳಿದ್ದವು.' ಆರೋಗ್ಯವಾಗಿರುವವರು ಇದನ್ನು ಓದಿ, ಸದ್ಯ ನಮಗೇನಿಲ್ಲ ಎಂದುಕೊಂಡು ಪುಟ ತಿರುಗಿಸುತ್ತಾರೆ. ಸಕ್ಕರೆ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅದೇ ಸಾಲು ಓದಿ ಕಂಗಾಲಾಗುತ್ತಾರೆ. ಅವರೇನು ಮಾಡಬೇಕು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ. ಅದಕ್ಕೇ ಈ ಪತ್ರ.

ಯಾರಿಗೆ ಅಪಾಯ ಜಾಸ್ತಿ ಎಂದು ಮೊದಲೇ ಗೊತ್ತಿದ್ದರೆ ಅವರು ಬೇಗ ಡಾಕ್ಟರ್ ಹತ್ತಿರ ಹೋಗಬಹುದು. ಇಲ್ಲಿ ಸಮಯಕ್ಕೆ ತುಂಬಾ ಬೆಲೆ ಇದೆ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೋವಿಡ್ ವೈರಸ್ ವಿರುದ್ಧದ ಮಾತ್ರೆಗಳನ್ನು 5 ದಿನದೊಳಗೆ ಶುರು ಮಾಡಬೇಕು. 'ನಾಲ್ಕು ದಿನ ನೋಡೋಣ' ಎನ್ನುವುದು ಗಟ್ಟಿಮುಟ್ಟಾದ ಹುಡುಗನಿಗೆ ನಡೆದೀತು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ನಡೆಯುವುದಿಲ್ಲ.

ಅಪಾಯದ ಪಟ್ಟಿಯೂ ಎಲ್ಲ ವೈರಸ್‌ಗೆ ಒಂದೇ ಅಲ್ಲ. ಕೋವಿಡ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ವಯಸ್ಸು. ಬೊಜ್ಜು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿಯ ತೊಂದರೆಗಳು ಅದನ್ನು ಇನ್ನೂ ಹೆಚ್ಚಿಸುತ್ತವೆ. ಫ್ಲೂ ಬಂದರೆ ವಯಸ್ಸಾದವರ ಜೊತೆಗೆ ಗರ್ಭಿಣಿಯರು, 5 ವರ್ಷದೊಳಗಿನ ಮಕ್ಕಳು, ಅದರಲ್ಲೂ 2 ತುಂಬದ ಕೂಸುಗಳ ಮೇಲೆ ಕಣ್ಣಿಡಬೇಕು. 1918ರ ಫ್ಲೂನಲ್ಲಂತೂ 20ರಿಂದ 40ರ ವಯಸ್ಸಿನ ಗಟ್ಟಿ ಜನರೇ ಅಪಾರ ಸಂಖ್ಯೆಯಲ್ಲಿ ಸತ್ತರು. ಲಿವರ್‌ಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಇ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ಕಾಯಿಲೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ಅದೇ ತಾಯಿಯ ಜೀವಕ್ಕೆ ಕುತ್ತು ತರಬಹುದು.

ಡೆಂಗಿಯ ಲೆಕ್ಕವೇ ಬೇರೆ. ಅದರ ವೈರಸ್‌ನಲ್ಲಿ 4 ಬಗೆಗಳಿವೆ. ಒಮ್ಮೆ ಒಂದು ಬಗೆ ಬಂದು ಹೋಗಿ, ಮುಂದೆಂದೋ ಇನ್ನೊಂದು ಬಗೆ ತಗುಲಿದರೆ ಕಾಯಿಲೆ ಜೋರಾಗುವ ಸಾಧ್ಯತೆ ಜಾಸ್ತಿ. ಹಳೆಯ ಸೋಂಕಿನ ವಿರುದ್ಧ ಹೋರಾಡಲು ದೇಹ ತಯಾರಿಸಿಕೊಂಡ ಪ್ರತಿಕಾಯಗಳು ಹೊಸ ಬಗೆಯನ್ನು ತಡೆಯಲಾರದೆ, ಅದು ಜೀವಕೋಶದೊಳಗೆ ಹೋಗುವುದಕ್ಕೆ ನೆರವಾಗಿಬಿಡುತ್ತವೆ. ಹಾಗಾಗಿ 'ಒಂದು ಸಲ ಬಂದು ಹೋಗಿದೆ, ಇನ್ನೇನು ಭಯ' ಎನ್ನುವಂತಿಲ್ಲ. ಜ್ವರ ಇಳಿಯುವ ಹೊತ್ತೇ ಇದರಲ್ಲಿ ಅಪಾಯದ ಹೊತ್ತು, ಸಾಮಾನ್ಯವಾಗಿ 3ರಿಂದ 7ನೇ ದಿನ. ಸದ್ಯ ಜ್ವರ ಬಿಟ್ಟಿತು ಎಂದು ಮನೆಯವರು ನಿರಾಳವಾಗುವಾಗಲೇ ಕೆಲವರಿಗೆ ರಕ್ತನಾಳದಿಂದ ದ್ರವ ಸೋರಲು ಶುರುವಾಗುತ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಮ್ನೆ ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡುತ್ತಾ ಕೂರಬಾರದು. ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ನುಂಗಲೂಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ವಯಸ್ಸಾದವರ ಬಗ್ಗೆ ನನಗೆ ಹೆಚ್ಚು ಚಿಂತೆ. ಸೋಂಕು ಜೋರಾಗಿದ್ದರೂ ಅವರಿಗೆ ಜ್ವರವೇ ಬಾರದಿರಬಹುದು. ಊಟ ಬೇಡ ಎನ್ನುತ್ತಾರೆ, ಮಂಕಾಗುತ್ತಾರೆ, ಮಾತು ಗೊಂದಲವಾಗುತ್ತದೆ, ನಡೆಯುವಾಗ ಬೀಳುತ್ತಾರೆ. ಮನೆಯವರು ಅದನ್ನು ವಯಸ್ಸಿನ ತಲೆಗೆ ಕಟ್ಟುತ್ತಾರೆ. ದಿನವೂ ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲೂ ಜ್ವರ ಮರೆಯಾಗಿರಬಹುದು. ಥರ್ಮಾಮೀಟರ್ ಒಂದನ್ನೇ ನಂಬಿದರೆ ಹೊತ್ತು ಮೀರುತ್ತದೆ, ಅಲ್ವಾ?

ಡಾಕ್ಟರ್ ಹೇಳದೆ ಸ್ಟಿರಾಯ್ಡ್ ನುಂಗುವವರೂ ಇದ್ದಾರೆ. 2020ರಲ್ಲಿ ಬ್ರಿಟನ್ನಿನ 'ರಿಕವರಿ' ಎಂಬ ಔಷಧ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೋವಿಡ್ ರೋಗಿಗಳ ಜೀವ ಉಳಿಸಿದ್ದು ನಿಜ. ಆದರೆ ಆಮ್ಲಜನಕ ಬೇಕಾದಷ್ಟು ಕಾಯಿಲೆ ಏರಿದವರಿಗೆ ಮಾತ್ರ. ಉಳಿದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಹಾಗೆಯೇ, ಬೇರೆ ಕಾಯಿಲೆಗೆ ಮೊದಲಿಂದಲೂ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಜ್ವರ ಬಂತೆಂದು ತಾವಾಗಿಯೇ ಅದನ್ನು ನಿಲ್ಲಿಸುವುದೂ ಅಪಾಯ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಇಂಥ ಸಾವಿನ ಸುದ್ದಿಯ ಪಕ್ಕದಲ್ಲಿ ಒಂದು ಚಿಕ್ಕ ಚೌಕಟ್ಟು ಹಾಕಿ. ಈ ವೈರಸ್ ಯಾರಿಗೆ ಜಾಸ್ತಿ ಅಪಾಯ, ಎಷ್ಟು ಹೊತ್ತಿನೊಳಗೆ ಡಾಕ್ಟರನ್ನು ಕಾಣಬೇಕು, ಯಾವ ಲಕ್ಷಣ ಕಂಡರೆ ರಾತ್ರಿಯಾದರೂ ಹೊರಡಬೇಕು ಎಂದು ಅದರಲ್ಲಿ ಬರೆಯಿರಿ. ದಯವಿಟ್ಟು ಅಕ್ಷರ ಸ್ವಲ್ಪ ದೊಡ್ಡದಿರಲಿ. ಅದನ್ನು ಓದಲೇಬೇಕಾದವರಲ್ಲಿ ಹೆಚ್ಚಿನವರು ಹಿರಿಯರು.

ಇತಿ,
ಒಬ್ಬ ಓದುಗ