ಹಸಿ ಮಣ್ಣಿಗೆ ಅವಸರ ಬೇಡ

ಮಾನ್ಯ ಸಂಪಾದಕರೇ,

ವಸಂತದ ಆರಂಭದಲ್ಲಿ ಸಣ್ಣ ಹಿಡುವಳಿಯ ಬದುಕನ್ನು ಬಣ್ಣಿಸುವ ಬರಹಗಳು ಹೂವು, ಚಿಗುರುಗಳಲ್ಲೇ ಮುಗಿದುಹೋಗುತ್ತವೆ. ಆ ದಿನಗಳ ನಿಜವಾದ ಕೆಲಸವೆಂದರೆ ಮಣ್ಣಿನ ಹದ ಕಾಯುವುದು. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಬೆರಳಿನಿಂದ ತಟ್ಟಿದಾಗ ಅದು ಉದುರದೆ ಉಂಡೆಯಾಗಿಯೇ ಉಳಿದರೆ ಗುದ್ದಲಿ ಮುಟ್ಟಬಾರದು, ಏಕೆಂದರೆ ಹಸಿಯಿರುವಾಗ ಅಗೆದ ಮಣ್ಣು, ಅದರಲ್ಲೂ ಜೇಡಿಮಣ್ಣು, ಗಾಳಿಯಾಡುವ ರಂಧ್ರಗಳನ್ನು ಕಳೆದುಕೊಂಡು ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ. (ಪಕ್ಕದವರು ಅಗೆಯಲು ತೊಡಗಿದಾಗ ಸುಮ್ಮನಿರುವುದು ಸುಲಭವಲ್ಲ, ನಿಜ.) ಹಗಲು ದೀರ್ಘವಾದಂತೆ ಕೋಳಿಗಳು ಮತ್ತೆ ಮೊಟ್ಟೆಯಿಡತೊಡಗುತ್ತವೆ; ಕಾವಿಗೆ ಕೂತರೆ ಮರಿ ಹೊರಬರಲು 21 ದಿನ. ದೀಪದ ಶಾಖದಲ್ಲಿ ಸಾಕುವ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ತಾಪಮಾಪಕಕ್ಕಿಂತ ಮರಿಗಳನ್ನೇ ನೋಡುವುದು ಮೇಲು: ಚಳಿಯಾದರೆ ದೀಪದಡಿ ಒತ್ತೊತ್ತಾಗಿ ಸೇರುತ್ತವೆ, ಸೆಖೆಯಾದರೆ ರೆಕ್ಕೆ ಇಳಿಬಿಟ್ಟು ದೂರ ಸರಿಯುತ್ತವೆ. ಹೊಸದಾಗಿ ಕೃಷಿಗಿಳಿಯುವವರಿಗೆ ತಮ್ಮ ಪತ್ರಿಕೆ ಇಂಥ ವಿವರಗಳನ್ನು ಒದಗಿಸಿದರೆ ಉಪಕಾರವಾದೀತು.

— ಓರ್ವ ಸಣ್ಣ ಹಿಡುವಳಿದಾರ