ನೀರು ಜಾಸ್ತಿಯಾದ ಜೇಡ್ ಗಿಡಕ್ಕೆ ಈಗಲೇ ಹೀಗೆ ಮಾಡಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಜೇಡ್ ಗಿಡದ (ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಕುಂಡದ ಗಿಡ) ಎಲೆ ಹಳದಿಯಾಗಿ, ಮುಟ್ಟಿದರೆ ಮೆತ್ತಗಾಗಿ ಉದುರುತ್ತಿದೆ ಎಂದು ಮೂರ್ನಾಲ್ಕು ಜನ ಫೋಟೋ ಹಾಕಿದ್ದೀರಿ. ದಯವಿಟ್ಟು ಇನ್ನಷ್ಟು ನೀರು ಹಾಕಬೇಡಿ. ಬಾಡಿದೆ ಅನ್ನಿಸುತ್ತೆ ನಿಜ, ಆದರೆ ಬೇರು ಕೊಳೆತಾಗಲೂ ಗಿಡ ಹಾಗೇ ಕಾಣುತ್ತದೆ.

ಇವತ್ತೇ ಗಿಡವನ್ನು ಕುಂಡದಿಂದ ತೆಗೆದು ಹಸಿ ಮಣ್ಣನ್ನೆಲ್ಲ ಮೆಲ್ಲಗೆ ಉದುರಿಸಿ. ಕಪ್ಪಾಗಿ ಲೊಳಲೊಳ ಅನ್ನುವ ಬೇರನ್ನು ಶುದ್ಧವಾದ ಬ್ಲೇಡಿನಿಂದ ಕತ್ತರಿಸಿ. ಕಾಂಡದ ಬುಡವೂ ಕೊಳೆತಿದ್ದರೆ ಕರುಣೆ ತೋರಬೇಡಿ. ಒಳಗೆ ಕಂದು ಕಲೆ ಕಾಣದೆ ತಿಳಿ ಹಸಿರು ಸಿಗುವವರೆಗೂ ಮೇಲಕ್ಕೆ ಕತ್ತರಿಸುತ್ತಾ ಹೋಗಿ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ಪೇಪರ್ ಮೇಲೆ ಮಲಗಿಸಿ. ನಾಲ್ಕೈದು ದಿನ ಮಣ್ಣಿಲ್ಲದೆ ಇದ್ದರೂ ಅದಕ್ಕೆ ಏನೂ ಆಗಲ್ಲ, ನೀರೆಲ್ಲ ಎಲೆಯಲ್ಲೇ ಇರುತ್ತದೆ. ದಕ್ಷಿಣ ಆಫ್ರಿಕಾದ ಒಣ ನೆಲದ ಗಿಡ ಅಲ್ವಾ!

ಕತ್ತರಿಸಿದ ಜಾಗ ಒಣಗಿದ ಮೇಲೆ ತೂತಿರುವ ಮಣ್ಣಿನ ಕುಂಡದಲ್ಲಿ ನೆಡಿ. ಒಂದು ಪಾಲು ಕೆಂಪುಮಣ್ಣಿಗೆ ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು. ನರ್ಸರಿಯವರು ತುಂಬಿಕೊಡುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಮ್ಮ ಮಳೆಗಾಲಕ್ಕೆ ಬೇಡ, ಅದು ನೀರನ್ನು ಬಿಡುವುದೇ ಇಲ್ಲ. ಒಂದು ವಾರ ನೀರು ಬೇಡ, ಹೊಸ ಚಿಗುರು ಬರುವವರೆಗೆ ಗೊಬ್ಬರವೂ ಬೇಡ.

ಮುಂದೆ ವಾರದ ಲೆಕ್ಕದಲ್ಲಿ ಸುಮ್ನೆ ನೀರು ಹಾಕಬೇಡಿ. ಅಗರಬತ್ತಿ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ನೋಡಿ. ಪೂರ್ತಿ ಒಣಗಿ ಬಂದರೆ ಮಾತ್ರ ನೀರು. ಉದುರಿದ ಎಲೆಗಳಲ್ಲಿ ಗಟ್ಟಿಯಾಗಿರುವುದನ್ನು ಎಸೆಯಬೇಡಿ, ಒಣ ಮಣ್ಣಿನ ಮೇಲೆ ಇಡಿ. ಕೆಲವು ವಾರಗಳಲ್ಲಿ ಪುಟ್ಟ ಬೇರು ಬರುತ್ತದೆ.